ಕಬ್ಬಿಣದ ಬದಲು ಪ್ಲಾಸ್ಟಿಕ್ಕು: ಇದು ಹೊಸ ಶೋಧವೆ?

ಗೋಡೆಯ ಗಡಿಯಾರ, ತಲೆಯಾಡಿಸುವ ಮೇಜಿನ ಫ್ಯಾನು, ನೀರಿನ ಮೀಟರು, ಮಕ್ಕಳ ಆಟದ ಮೋಟಾರು—ಇವುಗಳಲ್ಲಿ ಯಾವುದೊಂದರ ಒಡಲನ್ನು ಬಿಚ್ಚಿ ನೋಡಿದರೂ ಬಿಳಿಯ ಅಥವಾ ಕಪ್ಪು ಬಣ್ಣದ ಪುಟ್ಟ ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿಕೊಂಡು ಕುಳಿತಿರುವುದನ್ನು ಕಾಣಬಹುದು. ಒಂದು ಕಾಲದಲ್ಲಿ ಇಂಥವು ಹಿತ್ತಾಳೆಯವೋ ಉಕ್ಕಿನವೋ ಆಗಿರುತ್ತಿದ್ದವು. ಈಗ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವು. ಚಕ್ರದ ಕೆಲಸ ಬದಲಾಗಲಿಲ್ಲ. ಹಲ್ಲು ಹಲ್ಲನ್ನು ತಳ್ಳುವ ರೀತಿ ಬದಲಾಗಲಿಲ್ಲ. ಬದಲಾದುದು ದ್ರವ್ಯ ಮಾತ್ರ. ಹೀಗೆ ದ್ರವ್ಯವೊಂದನ್ನೇ ಬದಲಿಸಿದವನನ್ನು ಶೋಧಕನೆಂದು ಕರೆಯಬಹುದೆ? ಅವನಿಗೆ ಪೇಟೆಂಟು ಕೊಡಬಹುದೆ? ಪ್ರಶ್ನೆ ನೋಡುವುದಕ್ಕೆ ಸಣ್ಣದು. ಆದರೆ ನ್ಯಾಯಾಲಯಗಳು ಇದರ ಮೇಲೆ ನೂರ ಎಪ್ಪತ್ತು ವರ್ಷಗಳಿಗೂ ಮಿಗಿಲಾಗಿ ವಾದ ಕೇಳುತ್ತ ಬಂದಿವೆ. ಇಂಥದೊಂದು ಜಗಳದಲ್ಲಿ ಒಬ್ಬ ಮನುಷ್ಯನ ಪ್ರಾಣವೂ ಹೋಗಿದೆ.

ಇದು ಎಲ್ಲಿಯೋ ದೂರದ ಮಾತೆಂದು ವಾಚಕರು ತಿಳಿಯಬೇಕಾಗಿಲ್ಲ. ಬೀದರ ಜಿಲ್ಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಔರಾದ ತಾಲ್ಲೂಕಿನ ರೈತನೊಬ್ಬನು ಉದ್ದು, ಸೋಯಾ ಬಿತ್ತುವ ಯಂತ್ರದ ಕೂರಿಗೆಯನ್ನು ಇಟ್ಟುಕೊಂಡಿದ್ದಾನೆ ಎನ್ನಿ. ಬೀಜವನ್ನು ಅಳತೆಯಂತೆ ಉದುರಿಸುವ ಭಾಗವನ್ನು ತಿರುಗಿಸುವ ಎರಕದ ಹಲ್ಲುಚಕ್ರ ಮುಂಗಾರಿನ ಹೊತ್ತಿಗೆ ಸರಿಯಾಗಿ ಮುರಿಯಿತು. ಹೊಲ ಹದವಾಗಿದೆ, ಕಾಯುವಂತಿಲ್ಲ. ಆತನು ಮುರಿದ ಚಕ್ರವನ್ನು ಬೀದರಿನ ಲೇತ್ ಅಂಗಡಿಗೆ ತರುತ್ತಾನೆ. ಅಂಗಡಿಯವನ ಬಳಿ ನೈಲಾನ್ ರಾಡು ಇದೆ. ಅದನ್ನೇ ಕೊರೆದು, ಹಲ್ಲು ಕಡಿದು, ಸಂಜೆಯೊಳಗೆ ಹೊಸ ಚಕ್ರವನ್ನು ಕೊಡುತ್ತಾನೆ. ಚಕ್ರ ಚೆನ್ನಾಗಿ ತಿರುಗುತ್ತದೆ, ಸದ್ದೂ ಕಡಿಮೆ. ಮರುವರ್ಷ ಐವತ್ತು ಜನ ಅದನ್ನೇ ಕೇಳಿಕೊಂಡು ಬರುತ್ತಾರೆ. ಆಗ ಯಾವುದೋ ಕಂಪನಿಯ ವಕೀಲರಿಂದ ಒಂದು ನೋಟೀಸು: ‘ಕೂರಿಗೆಯಲ್ಲಿ ಪ್ಲಾಸ್ಟಿಕ್ ಹಲ್ಲುಚಕ್ರವನ್ನು ಬಳಸುವ ಪೇಟೆಂಟು ನಮ್ಮದು. ಕೂಡಲೆ ನಿಲ್ಲಿಸಿ, ಇದುವರೆಗಿನ ನಷ್ಟವನ್ನು ಕಟ್ಟಿಕೊಡಿ.’

ಈ ಪ್ರಸಂಗ ಕಲ್ಪನೆಯದು. ಆದರೆ ಅಂಗಡಿಯವನ ಉತ್ತರವೇನಾಗಬೇಕೆಂಬುದು ಕಲ್ಪನೆಯ ವಿಷಯವಲ್ಲ. ಅದನ್ನು ಒಂದು ಕಡೆ ಕಾನೂನಿನಿಂದಲೂ ಮತ್ತೊಂದು ಕಡೆ ದ್ರವ್ಯಗಳ ಗುಣವನ್ನು ತಿಳಿಸುವ ವಿಜ್ಞಾನದಿಂದಲೂ ಪಡೆಯಬೇಕು.

ಪೇಟೆಂಟು ಎಂಬುದು ರಾಜ್ಯವು ಶೋಧಕನೊಡನೆ ಮಾಡಿಕೊಳ್ಳುವ ಒಂದು ಕರಾರು. ಶೋಧಕನು ತನ್ನ ಶೋಧದ ಗುಟ್ಟನ್ನು, ಆ ಕಸುಬನ್ನು ಬಲ್ಲ ಮತ್ತೊಬ್ಬನು ಓದಿ ತಾನೇ ಮಾಡಬಲ್ಲಷ್ಟು ವಿವರವಾಗಿ ಬರೆದು ಕೊಡಬೇಕು. ಅದಕ್ಕೆ ಪ್ರತಿಯಾಗಿ, ಅವನ ಅನುಮತಿಯಿಲ್ಲದೆ ಬೇರೆ ಯಾರೂ ಅದನ್ನು ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕನ್ನು ರಾಜ್ಯವು 20 ವರ್ಷಗಳ ಕಾಲ ಅವನಿಗೆ ಕೊಡುತ್ತದೆ. ಜನರ ಬಳಿ ಈಗಾಗಲೇ ಇರುವುದನ್ನೇ ಅವರಿಗೆ ಮಾರಿದರೆ ಅದು ಕರಾರಲ್ಲ, ವಂಚನೆ. ಆದುದರಿಂದ ಶೋಧವು ಹೊಸದಾಗಿರಬೇಕು, ಕೈಗಾರಿಕೆಯಲ್ಲಿ ಬಳಕೆಗೆ ಬರುವಂತಿರಬೇಕು; ಜೊತೆಗೆ, ಆ ಕಸುಬಿನಲ್ಲಿ ನುರಿತವನಿಗೆ ಅದು ಸ್ವಯಂವೇದ್ಯವಾಗಿರಕೂಡದು. ಭಾರತದ 1970ರ ಪೇಟೆಂಟ್ ಅಧಿನಿಯಮವೂ ಇದನ್ನೇ ವಿಧಿಸುತ್ತದೆ. ಮೊದಲಿನ ಎರಡು ನಿಬಂಧನೆಗಳ ಬಗ್ಗೆ ಜಗಳ ಅಷ್ಟಿಲ್ಲ. ಕಾದಾಟವೆಲ್ಲ ಮೂರನೆಯದರ ಮೇಲೆ.

ಈ ‘ನುರಿತವನು’ ಯಾರು? ಕಾನೂನು ಸೃಷ್ಟಿಸಿದ ಒಂದು ವಿಚಿತ್ರ ವ್ಯಕ್ತಿ. ತನ್ನ ಕಸುಬಿಗೆ ಸಂಬಂಧಿಸಿ ಅಚ್ಚಾದುದೆಲ್ಲವನ್ನೂ ಇವನು ಓದಿದ್ದಾನೆ. ಇವನ ಕೈ ಪಳಗಿದೆ. ಪ್ರತಿಭೆಯ ಕಿಡಿ ಮಾತ್ರ ಇವನಲ್ಲಿಲ್ಲ. ಹಾಗೆಂದು ಇವನು ಕೀಲುಗೊಂಬೆಯೂ ಅಲ್ಲ. ಮೋಟಾರು ಗಾಡಿಯ ಪೆಡಲನ್ನು ಕುರಿತ ಮೊಕದ್ದಮೆಯೊಂದರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಎದುರಿಗಿರುವ ತುಂಡುಗಳನ್ನು ಹೊಂದಿಸಿ ನೋಡುವಷ್ಟು ಬುದ್ಧಿ ಇವನಿಗಿದೆ. ಇಂಥವನು ತನ್ನ ದಿನದ ಕೆಲಸದಲ್ಲಿ ಸಹಜವಾಗಿ ಮಾಡಬಹುದಾದ ಬದಲಾವಣೆಗೆ ಪೇಟೆಂಟಿಲ್ಲ.

ದ್ರವ್ಯವನ್ನು ಬದಲಿಸಿದ ಮಾತ್ರಕ್ಕೆ ಶೋಧವಾಗದೆಂಬ ತತ್ತ್ವ ಹುಟ್ಟಿದುದು ಬಾಗಿಲಿನ ಹಿಡಿಯಿಂದ. ಅಮೆರಿಕದಲ್ಲಿ ಹಾಚ್‌ಕಿಸ್ ಎಂಬುವನೂ ಅವನ ಜೊತೆಗಾರರೂ ಮಣ್ಣಿನಿಂದ, ಅಂದರೆ ಕುಂಬಾರರ ಜೇಡಿ ಅಥವಾ ಪಿಂಗಾಣಿಯಿಂದ, ಬಾಗಿಲಿನ ಹಿಡಿ ಮಾಡುವುದಕ್ಕೆ 1841ರಲ್ಲಿ ಪೇಟೆಂಟು ಪಡೆದಿದ್ದರು. ಲೋಹದ ದಂಡವನ್ನು ಹಿಡಿಯೊಳಗೆ ಭದ್ರಪಡಿಸುವ ಅದೇ ಏರ್ಪಾಡು ಮರದ ಹಿಡಿಗಳಲ್ಲಿಯೂ ಲೋಹದ ಹಿಡಿಗಳಲ್ಲಿಯೂ ಮೊದಲೇ ಇತ್ತು. ಮಣ್ಣಿನ ಹಿಡಿಯೂ ಹೊಸದಲ್ಲ. ಎರಡನ್ನೂ ಕೂಡಿಸಿದುದು ಮಾತ್ರ ಹೊಸದು. ಹಿಡಿ ಅಗ್ಗವಾಯಿತು, ಬಾಳಿಕೆ ಹೆಚ್ಚಿತು, ನಿಜ. ಆದರೂ 1851ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪೇಟೆಂಟನ್ನು ಎತ್ತಿಹಿಡಿಯಲಿಲ್ಲ. ಒಳ್ಳೆಯ ದ್ರವ್ಯವನ್ನು ಆರಿಸುವುದು ಜಾಣ ಕುಶಲಕರ್ಮಿಯ ಕೆಲಸ, ಶೋಧಕನದಲ್ಲ ಎಂಬುದು ನ್ಯಾಯಾಧೀಶರ ಅಭಿಪ್ರಾಯ. ಅವರಲ್ಲಿ ಒಬ್ಬರು ಇದಕ್ಕೆ ಒಪ್ಪದೆ ಭಿನ್ನಮತ ಬರೆದರು.

ಮಣ್ಣಿನ ಹಿಡಿಯ ತೀರ್ಪನ್ನೇ ಕುರುಡಾಗಿ ಹಿಡಿದರೆ ದ್ರವ್ಯದ ಬದಲಾವಣೆಗೆ ಎಂದೂ ಪೇಟೆಂಟು ಸಿಕ್ಕಲಾರದು. ಹಾಗಾಗಲಿಲ್ಲ. ಬಾಸ್ಟನ್ನಿನ ದಂತವೈದ್ಯ ಕಮಿಂಗ್ಸ್ ಎಂಬುವನು ಕೃತಕ ಹಲ್ಲುಗಳನ್ನು ಕೂರಿಸುವ ಪಟ್ಟಿಯನ್ನು ಚಿನ್ನದ ಬದಲು ಗಟ್ಟಿ ರಬ್ಬರಿನಿಂದ ಮಾಡಿ 1864ರಲ್ಲಿ ಪೇಟೆಂಟು ಪಡೆದನು. ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ಈ ರಬ್ಬರನ್ನು ಇಂದಿನ ಪ್ಲಾಸ್ಟಿಕ್ಕುಗಳ ಅಜ್ಜನೆನ್ನಬಹುದು. ಮೆತ್ತಗಿರುವಾಗ ಬಾಯಿಯ ಅಚ್ಚಿನಲ್ಲಿ ಒತ್ತಿ, ಹಲ್ಲುಗಳನ್ನು ಅದರಲ್ಲೇ ನೆಟ್ಟು ಬೇಯಿಸಿದರೆ ಎಲ್ಲವೂ ಒಂದೇ ತುಂಡಾಗುತ್ತಿತ್ತು. ಹಗುರ, ಒಸಡಿಗೆ ನೋವಿಲ್ಲ, ಬೆಲೆಯೂ ಕಡಿಮೆ. ಇದು ಬರಿಯ ಬದಲಿಯಲ್ಲ, ಹೊಸ ಗುಣಗಳುಳ್ಳ ಹೊಸ ವಸ್ತು ಎಂದು 1877ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಪೇಟೆಂಟನ್ನು ಕೊಂಡಿದ್ದ ಕಂಪನಿಯು ದೇಶದ ದಂತವೈದ್ಯರೆಲ್ಲರಿಂದಲೂ ಶುಲ್ಕವನ್ನು ಬಲವಂತದಿಂದ ವಸೂಲು ಮಾಡತೊಡಗಿತು. ವೈದ್ಯರ ಮೇಲೆ ಮೊಕದ್ದಮೆಗಳು ಒಂದರ ಮೇಲೊಂದು ಬಿದ್ದವು. ಕೊನೆಗೆ 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ ಆ ಕಂಪನಿಯ ಖಜಾಂಚಿ ಜೊಸಾಯ ಬೇಕನ್ ಎಂಬುವನನ್ನು ಚಾಲ್ಫಂಟ್ ಎಂಬ ದಂತವೈದ್ಯ ಗುಂಡಿಟ್ಟು ಕೊಂದನು. ಇನ್ನೆರಡು ವರ್ಷಗಳಲ್ಲಿ ಪೇಟೆಂಟಿನ ಅವಧಿ ತಾನಾಗಿಯೇ ತೀರಿತು.

ಮಣ್ಣಿನ ಹಿಡಿಯೂ ರಬ್ಬರಿನ ಹಲ್ಲುಪಟ್ಟಿಯೂ ದ್ರವ್ಯದ ಬದಲಾವಣೆಗಳೇ. ಒಂದು ಸೋತಿತು, ಒಂದು ಗೆದ್ದಿತು. ಪ್ಲಾಸ್ಟಿಕ್ ಹಲ್ಲುಚಕ್ರ ಈ ಎರಡರಲ್ಲಿ ಯಾವ ಕಡೆಗೆ ಸೇರುತ್ತದೆ?

ಅದಕ್ಕೆ ಮೊದಲು ಆ ಚಕ್ರದ ವಂಶಾವಳಿಯನ್ನು ಸ್ವಲ್ಪ ನೋಡಬೇಕು. ಲೋಹಕ್ಕೆ ಲೋಹ ತಾಗಿದರೆ ಕರ್ಕಶವಾದ ಸದ್ದಾಗುವುದನ್ನು ಎಲ್ಲರೂ ಬಲ್ಲರು. ಇದನ್ನು ತಗ್ಗಿಸಲು ಹಿಂದೆ ಹಸಿದೊಗಲಿನ ಪದರಗಳನ್ನು ಒತ್ತಿ ಹಲ್ಲುಚಕ್ರ ಮಾಡುತ್ತಿದ್ದರು. 1907ರಲ್ಲಿ ಲಿಯೊ ಬೇಕಲ್ಯಾಂಡ್ ಬೇಕಲೈಟನ್ನು ಕಂಡುಹಿಡಿದನು. ಬಟ್ಟೆ ಅಥವಾ ಕಾಗದದ ಪದರಗಳಿಗೆ ಬೇಕಲೈಟನ್ನು ಕುಡಿಸಿ, ಕಾಯಿಸಿ, ಒತ್ತಿದರೆ ಗಟ್ಟಿಯಾದ ಹಲಗೆ ದೊರೆಯುತ್ತದೆ. ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ಈ ಕೆಲಸ ಮಾಡುತ್ತಿದ್ದ ಓಕಾನರ್ ಎಂಬ ಎಂಜಿನಿಯರು ತನ್ನ ಪೇಟೆಂಟಿನ ಹಕ್ಕನ್ನು ಆ ಕಂಪನಿಗೆ ಬರೆದುಕೊಟ್ಟು, 1913ರಲ್ಲಿ ಹೊರಬಂದು ಫೇಬರ್ ಎಂಬುವನೊಡನೆ ಸ್ವಂತ ಕಾರ್ಖಾನೆ ತೆರೆದನು. ವಿದ್ಯುತ್ ಯಂತ್ರಗಳಲ್ಲಿ ಅಭ್ರಕಕ್ಕೆ ಬದಲಾಗಿ, ಎಂದರೆ ‘ಮೈಕ’ಕ್ಕೆ ಬದಲಾಗಿ, ಬಳಸುವ ವಸ್ತುವಾದ್ದರಿಂದ ಅದಕ್ಕೆ ‘ಫಾರ್ಮೈಕ’ ಎಂಬ ಹೆಸರು ಬಂತು. ಮುಂದೆ ಆ ಕಾರ್ಖಾನೆ ಮೋಟಾರು ಗಾಡಿಗಳಿಗೆ ಸದ್ದಿಲ್ಲದ ಹಲ್ಲುಚಕ್ರಗಳನ್ನೂ ಮಾಡಿತು. ವೆಸ್ಟಿಂಗ್‌ಹೌಸ್ ಮೊಕದ್ದಮೆ ಹೂಡಿತು. ಹಿಂದೆಯೇ ತಿಳಿದಿದ್ದ ವಿದ್ಯೆಯ ಬೆಳಕಿನಲ್ಲಿ ಪೇಟೆಂಟನ್ನು ಸಂಕುಚಿತವಾಗಿ ಅರ್ಥ ಮಾಡಬಹುದೆಂದು 1924ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು, ಫಾರ್ಮೈಕ ಗೆದ್ದಿತು. 1935ರಲ್ಲಿ ಕ್ಯಾರದರ್ಸನ ಪ್ರಯೋಗಶಾಲೆಯಲ್ಲಿ ನೈಲಾನ್ ಹುಟ್ಟಿತು. 1960ರಲ್ಲಿ ಡೆಲ್ರಿನ್ ಎಂಬ ಹೆಸರಿನ ಅಸಿಟಲ್ ಪ್ಲಾಸ್ಟಿಕ್ಕು ಪೇಟೆಗೆ ಬಂತು. ಎರಡೂ ಹಲ್ಲುಚಕ್ರಕ್ಕೆ ಒದಗುವುವೆಂಬುದು ಕೈಪಿಡಿಗಳಲ್ಲಿ ಅಚ್ಚಾಗಿ ದಶಕಗಳೇ ಕಳೆದಿವೆ. ಆದುದರಿಂದ, ‘ಹಲ್ಲುಚಕ್ರವನ್ನು ನೈಲಾನಿನಿಂದ ಮಾಡುವುದು’ ಎಂಬಷ್ಟನ್ನೇ ಇಂದು ಯಾರಾದರೂ ತನ್ನ ಶೋಧವೆಂದರೆ ಅದು ಮಣ್ಣಿನ ಹಿಡಿಯ ಸಾಲಿಗೆ ಸೇರಬೇಕಾದದ್ದೇ.

ಆದರೆ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಉಕ್ಕಿನ ಚಕ್ರದ ಅಳತೆಯನ್ನೇ ಇಟ್ಟುಕೊಂಡು ನೈಲಾನ್ ಚಕ್ರ ಕಡಿದು ಕೂರಿಸಿದರೆ ಅನೇಕ ವೇಳೆ ಅದು ಕೆಡುತ್ತದೆ. ಬೀದರಿನ ಹವೆಯಲ್ಲಿಯೇ ಇದನ್ನು ಲೆಕ್ಕ ಹಾಕಿ ನೋಡೋಣ. ಚಳಿಗಾಲದ ಬೆಳಗಿನ 15 ಡಿಗ್ರಿಗೂ ಬೇಸಿಗೆಯ ಮಧ್ಯಾಹ್ನದ 40 ಡಿಗ್ರಿಗೂ 25 ಡಿಗ್ರಿ ಸೆಲ್ಸಿಯಸ್ ಅಂತರ. 100 ಮಿಲಿಮೀಟರ್ ವ್ಯಾಸದ ಉಕ್ಕಿನ ಚಕ್ರ ಇಷ್ಟು ಕಾವಿಗೆ ಹಿಗ್ಗುವುದು ಸುಮಾರು 0.03 ಮಿಲಿಮೀಟರ್, ನೈಲಾನ್ ಚಕ್ರ ಹಿಗ್ಗುವುದು ಸುಮಾರು 0.2 ಮಿಲಿಮೀಟರ್. ಮಳೆಗಾಲ ಬಂತೆಂದರೆ ಇನ್ನೊಂದು ತೊಡಕು. ನೈಲಾನ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಸಾಧಾರಣ ತೇವದ ಗಾಳಿಯಲ್ಲಿ ಬಹುಕಾಲವಿದ್ದರೆ ತನ್ನ ತೂಕದ ನೂರಕ್ಕೆ ಎರಡೂವರೆಯಷ್ಟು ನೀರನ್ನು ಕುಡಿದು, ಉದ್ದಗಲಗಳಲ್ಲಿ ನೂರಕ್ಕೆ ಅರ್ಧದಷ್ಟಾದರೂ ಉಬ್ಬುತ್ತದೆ. ಎಂದರೆ ನಮ್ಮ ಚಕ್ರದ ವ್ಯಾಸ ಮತ್ತೆ ಅರ್ಧ ಮಿಲಿಮೀಟರ್ ಬೆಳೆಯಿತು. ಹಲ್ಲು ಹಲ್ಲಿನ ನಡುವೆ ಬಿಟ್ಟ ಸಂದು ಮುಚ್ಚಿಹೋಗಿ ಚಕ್ರ ಬಿಗಿಹಿಡಿಯುತ್ತದೆ.

ಬಾಗುವ ಗುಣವನ್ನೂ ಗಮನಿಸಬೇಕು. ಒಂದೇ ಭಾರಕ್ಕೆ ನೈಲಾನ್ ಹಲ್ಲು ಉಕ್ಕಿನ ಹಲ್ಲಿಗಿಂತ ಎಪ್ಪತ್ತು ಪಾಲಿನಷ್ಟು ಹೆಚ್ಚು ಬಾಗುತ್ತದೆ. ತೇವ ಹೀರಿದ್ದರೆ ಇನ್ನೂ ಹೆಚ್ಚು. ಇದು ಪೂರ್ತಿ ದೋಷವಲ್ಲ. ಹಲ್ಲು ಕೊಂಚ ಬಾಗುವುದರಿಂದ ಭಾರವು ಪಕ್ಕದ ಹಲ್ಲಿಗೂ ಹಂಚಿಹೋಗುತ್ತದೆ, ಸದ್ದು ಅಡಗುತ್ತದೆ. ನಿಜವಾದ ವೈರಿ ಶಾಖ. ಹಲ್ಲು ಉಜ್ಜಿದಾಗ ಹುಟ್ಟುವ ಕಾವನ್ನು ಉಕ್ಕು ಬೇಗ ಹೊರಗೆ ಸಾಗಿಸುತ್ತದೆ. ಪ್ಲಾಸ್ಟಿಕ್ಕಿಗೆ ಆ ಶಕ್ತಿ ಸುಮಾರು ಇನ್ನೂರರಲ್ಲಿ ಒಂದು ಪಾಲು ಮಾತ್ರ. ಕಾವು ಅಲ್ಲಿಯೇ ನಿಂತು ಹಲ್ಲಿನ ಮುಖ ಮೆತ್ತಗಾಗಿ ಕಿತ್ತುಬರುತ್ತದೆ. ಪ್ಲಾಸ್ಟಿಕ್ ಚಕ್ರಕ್ಕೆ ಪ್ಲಾಸ್ಟಿಕ್ಕನ್ನೇ ಜೋಡಿ ಮಾಡದೆ ಉಕ್ಕಿನ ಚಕ್ರವನ್ನು ಜೋಡಿ ಮಾಡುವುದು ಈ ಕಾರಣದಿಂದಲೇ. ಉಕ್ಕಿನ ಜೊತೆಗಾರ ಕಾವನ್ನು ಹೊತ್ತುಕೊಂಡು ಹೋಗುತ್ತಾನೆ.

ಈ ತೊಡಕುಗಳಿಗೆ ಎಂಜಿನಿಯರು ಏನು ಮಾಡುತ್ತಾನೆ? ಸಂದನ್ನು ಹೆಚ್ಚು ಬಿಡುತ್ತಾನೆ. ತೇವದ ಜಾಗವಾದರೆ ನೈಲಾನನ್ನು ಬಿಟ್ಟು, ನೀರನ್ನು ತೀರ ಕಡಿಮೆ ಹೀರುವ ಅಸಿಟಲನ್ನು ಆರಿಸುತ್ತಾನೆ. ಬಿಗಿ ಬೇಕಾದರೆ ಗಾಜಿನ ನೂಲಿನ ಚೂರುಗಳನ್ನು ಬೆರೆಸಿದ ನೈಲಾನನ್ನೂ, ಜಾರಿಕೆ ಬೇಕಾದರೆ ಟೆಫ್ಲಾನ್ ಪುಡಿ ಬೆರೆತದ್ದನ್ನೂ ತರಿಸುತ್ತಾನೆ. ಇವೆಲ್ಲವೂ ತಯಾರಕರ ಪಟ್ಟಿಗಳಲ್ಲಿಯೇ ಇವೆ. ಪಟ್ಟಿಯನ್ನು ಓದಿ, ಬೇಕಾದ ಗುಣಕ್ಕೆ ತಕ್ಕ ದ್ರವ್ಯವನ್ನು ಆರಿಸುವುದು ಶೋಧವಲ್ಲವೆಂದು, ಮುದ್ರಣದ ಮಸಿಯನ್ನು ಕುರಿತ ಒಂದು ಮೊಕದ್ದಮೆಯಲ್ಲಿ 1945ರಲ್ಲಿಯೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಗಾಜಿನ ನೂಲು ಬಿಗಿಯನ್ನು ಕೊಟ್ಟಿತು, ಟೆಫ್ಲಾನ್ ಜಾರಿಕೆಯನ್ನು ಕೊಟ್ಟಿತು, ಎರಡೂ ತಮ್ಮ ತಮ್ಮ ಕೆಲಸವನ್ನಷ್ಟೇ ಮಾಡಿದವು ಎಂದಾದರೆ ಆ ಮಿಶ್ರಣ ಸ್ವಯಂವೇದ್ಯ. ಆದರೆ ಎರಡೂ ಕೂಡಿದಾಗ, ಯಾವ ಕೈಪಿಡಿಯಿಂದಲೂ ಊಹಿಸಲಾಗದಷ್ಟು ಸವೆತ ತಗ್ಗಿತು ಎನ್ನಿ. ಅದನ್ನು ಅಳತೆಗಳಿಂದ ತೋರಿಸಿಕೊಟ್ಟರೆ ಅಲ್ಲಿ ಶೋಧದ ಹೆಜ್ಜೆ ಮೂಡಿದೆಯೆಂದು ವಾದಿಸಬಹುದು. ಬಲ್ಲವರೇ ‘ಇದು ಆಗದ ಕೆಲಸ’ ಎಂದಿದ್ದರೆ ವಾದ ಇನ್ನೂ ಬಲವಾಗುತ್ತದೆ. ಆಡಮ್ಸ್ ಎಂಬುವನು ಮೆಗ್ನೀಸಿಯಮ್ಮನ್ನೂ ತಾಮ್ರದ ಕ್ಲೋರೈಡನ್ನೂ ಬಳಸಿ, ನೀರು ಹೊಯ್ದೊಡನೆ ಕೆಲಸ ಮಾಡುವ ಬ್ಯಾಟರಿಯನ್ನು ಮಾಡಿದಾಗ ಸೇನೆಯ ತಜ್ಞರು ನಂಬಲಿಲ್ಲ. ಬಿಡಿಬಿಡಿಯಾಗಿ ಆ ದ್ರವ್ಯಗಳು ಹಳೆಯವೇ. ಮುಂದೆ ಯುದ್ಧದಲ್ಲಿ ಅದೇ ಬ್ಯಾಟರಿ ಬಳಕೆಗೆ ಬಂತು. 1966ರಲ್ಲಿ ನ್ಯಾಯಾಲಯ ಆಡಮ್ಸನ ಪೇಟೆಂಟನ್ನು ಎತ್ತಿಹಿಡಿಯಿತು.

ಇಂಥ ಅನಿರೀಕ್ಷಿತ ಫಲಕ್ಕೆ ಬೀದರಿನವರು ಬಹುದೂರ ಹುಡುಕಬೇಕಾಗಿಲ್ಲ. ಬಿದರಿಯ ಹೂಜಿಯನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿಯ ತಂತಿಯನ್ನು ಕೆತ್ತಿ ಕೂರಿಸಿ, ಕೊನೆಯಲ್ಲಿ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿ ಮಾಡಿ ಸವರುತ್ತಾರೆ. ಮಿಶ್ರಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಬಿಳುಪಾಗಿಯೇ ಉಳಿಯುತ್ತದೆ. ಸತುವಿನ ಗುಣ, ಬೆಳ್ಳಿಯ ಗುಣ, ಮಣ್ಣಿನ ಗುಣ ಇವನ್ನು ಬೇರೆ ಬೇರೆಯಾಗಿ ಬಲ್ಲ ಯಾವ ಕುಶಲಕರ್ಮಿಯಾದರೂ ಮಾಡಿ ನೋಡದೆ ಇದನ್ನು ಹೇಳಬಲ್ಲನೆ? ಅಂದು ಪೇಟೆಂಟಿನ ಕಾನೂನು ಇದ್ದಿದ್ದರೆ ಮೊದಲು ಮಾಡಿದವನಿಗೆ ಅದು ಸಲ್ಲುತ್ತಿತ್ತೆಂಬುದು ಈ ಲೇಖಕನ ಮತ. ಈಗ ಅದು ಯಾರಿಗೂ ಸಲ್ಲದು. ಪರಂಪರೆಯಿಂದ ಬಂದ ತಿಳಿವಳಿಕೆಗೆ ಪೇಟೆಂಟಿಲ್ಲವೆಂದು ನಮ್ಮ ಅಧಿನಿಯಮದ ಮೂರನೆಯ ಪ್ರಕರಣವೇ ವಿಧಿಸಿದೆ. ಬಿದರಿಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆಯಾದರೂ ಅದು ಹೆಸರಿನ ರಕ್ಷಣೆ, ವಿದ್ಯೆಯ ಏಕಸ್ವಾಮ್ಯವಲ್ಲ.

ತೀರ್ಪು ಕೊಡುವವರಿಗೆ ಇಲ್ಲಿ ಒಂದು ದೊಡ್ಡ ಕಷ್ಟವಿದೆ. ಒಗಟಿನ ಉತ್ತರ ತಿಳಿದ ಮೇಲೆ ಒಗಟು ಸುಲಭವಾಗಿ ಕಾಣುತ್ತದೆ. ಶೋಧವನ್ನು ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ನೋಡುವವನಿಗೆ ‘ಇದೇನು ಮಹಾ!’ ಎನ್ನಿಸುವುದು ಸಹಜ. ಆದುದರಿಂದ ಅರ್ಜಿ ಹಾಕಿದ ದಿನಕ್ಕೆ ಮನಸ್ಸನ್ನು ಹಿಂದೆ ಕೊಂಡೊಯ್ದು, ಆ ದಿನ ಏನು ತಿಳಿದಿತ್ತೆಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಇದರಲ್ಲಿ ನ್ಯಾಯಾಧೀಶರೂ ಒಮ್ಮತಕ್ಕೆ ಬರುವುದು ಅಪರೂಪ. ನಮ್ಮ ದೇಶದ ಪ್ರಸಿದ್ಧ ಮೊಕದ್ದಮೆಯೇ ಇದಕ್ಕೆ ಸಾಕ್ಷಿ. ಪಾತ್ರೆಗಳನ್ನು ಲೇತಿನ ಮೇಲೆ ಹಿಡಿದು ನಿಲ್ಲಿಸಿ ಹೊಳಪು ಕೊಡುವ ಸಾಧನವೊಂದಕ್ಕೆ ಮಿರ್ಜಾಪುರದ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆ 1951ರ ಪೇಟೆಂಟನ್ನು ಹೊಂದಿತ್ತು. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಎಂಬ ಸಂಸ್ಥೆ ಅದನ್ನು ಪ್ರಶ್ನಿಸಿತು. ಉಚ್ಚ ನ್ಯಾಯಾಲಯದಲ್ಲಿ ಒಂದು ಹಂತದ ತೀರ್ಪನ್ನು ಮತ್ತೊಂದು ಹಂತ ತಿರುಗಿಸಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯವು, ಲೇತಿನಲ್ಲಿ ಮೊದಲೇ ಇದ್ದ ಅಂಗವನ್ನು ಹೊಂದಿಸಿಕೊಂಡದ್ದು ಬರಿಯ ಕಮ್ಮಟದ ಸುಧಾರಣೆಯೆಂದು ಪೇಟೆಂಟನ್ನು ರದ್ದು ಮಾಡಿತು. ಅಂತಿಮ ತೀರ್ಪು ಬಂದುದು 1978ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಪೇಟೆಂಟಿನ ಆಯುಷ್ಯವೇ ತೀರಿಹೋಗಿತ್ತು!

ಇನ್ನು ನೋಟೀಸು ಪಡೆದ ಲೇತ್ ಅಂಗಡಿಯವನ ಕಡೆಗೆ ಬರೋಣ. ಪೇಟೆಂಟು ಮಂಜೂರಾಗುವ ಮೊದಲು ಯಾವ ವ್ಯಕ್ತಿಯಾದರೂ ಲಿಖಿತವಾಗಿ ಆಕ್ಷೇಪಿಸಬಹುದು. ಮಂಜೂರಾದುದು ಪ್ರಕಟವಾದ ಮೇಲೆ ಒಂದು ವರ್ಷದೊಳಗೆ ಸಂಬಂಧಪಟ್ಟವರು ವಿರೋಧಿಸಬಹುದು. ಮೊಕದ್ದಮೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಬೀದರಿನ ಜಿಲ್ಲಾ ನ್ಯಾಯಾಲಯದಲ್ಲಿ ಮೊಕದ್ದಮೆ ಬಿದ್ದು, ಅಂಗಡಿಯವನು ‘ಈ ಪೇಟೆಂಟೇ ಊರ್ಜಿತವಲ್ಲ’ ಎಂದು ಪ್ರತಿಹಕ್ಕು ಮಂಡಿಸಿದರೆ ವ್ಯಾಜ್ಯವು ಉಚ್ಚ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಬೀದರ ಜಿಲ್ಲೆ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದ ವ್ಯಾಪ್ತಿಯಲ್ಲಿದೆ. ಅಲ್ಲಿ ಅವನಿಗೆ ಬೇಕಾಗುವುದು ಮಾತಿನ ಚಾತುರ್ಯಕ್ಕಿಂತ ತಾರೀಖುಳ್ಳ ಕಾಗದ: ಪೇಟೆಂಟಿನ ಅರ್ಜಿಗೆ ಹಿಂದಿನ ದಿನಾಂಕದ ರಸೀತಿ ಪುಸ್ತಕ, ನೈಲಾನ್ ರಾಡು ಕೊಂಡ ಬಿಲ್ಲು, ಹಳೆಯ ಕೈಪಿಡಿಯ ಪುಟ. ಪೇಟೆಂಟಿನ ದಿನಕ್ಕೆ ಮೊದಲೇ ಭಾರತದಲ್ಲಿ ಬಹಿರಂಗವಾಗಿ ತಿಳಿದಿದ್ದ, ಬಳಕೆಯಲ್ಲಿದ್ದ ವಸ್ತುವೆಂದು ಸ್ಥಾಪಿಸಿದರೆ ಅದಕ್ಕೆ ಪೇಟೆಂಟು ನಿಲ್ಲದು.

ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿನಲ್ಲಿಯೋ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯದಲ್ಲಿಯೋ ಓದುವ ವಿದ್ಯಾರ್ಥಿಗೆ ಈ ಕತ್ತಿಯ ಇನ್ನೊಂದು ಅಲಗು ತಾಗುತ್ತದೆ. ಆತನು ಹೊಸ ಮಿಶ್ರಣದ ಚಕ್ರವೊಂದನ್ನು ಮಾಡಿ, ತಿಂಗಳುಗಟ್ಟಲೆ ತಿರುಗಿಸಿ, ಸವೆತವನ್ನು ತೂಗಿ ನೋಡಿ, ಯಾರೂ ನಿರೀಕ್ಷಿಸದ ಫಲವನ್ನು ಕಂಡಿದ್ದಾನೆ ಎನ್ನಿ. ಸಂತೋಷದಿಂದ ಅದನ್ನು ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ, ಅಂದಿನಿಂದ ಅದು ಎಲ್ಲರೂ ಬಲ್ಲ ವಿದ್ಯೆ. ಮರುದಿನ ಬೇರೊಬ್ಬನು ಅದಕ್ಕೆ ಪೇಟೆಂಟು ಪಡೆಯಲಾರ. ಕೆಲವು ಅಪವಾದಗಳನ್ನು ಬಿಟ್ಟರೆ ಆ ವಿದ್ಯಾರ್ಥಿಯೂ ಪಡೆಯಲಾರ. ಪೇಟೆಂಟು ಬೇಕೆನ್ನುವವನು ಮೊದಲು ಅರ್ಜಿಯನ್ನು ಸಲ್ಲಿಸಬೇಕು, ಲೇಖನವನ್ನು ಆಮೇಲೆ ಅಚ್ಚಿಗೆ ಕೊಡಬೇಕು. ಕರ್ನಾಟಕದವರ ಅರ್ಜಿಗಳು ಸೇರುವುದು ಚೆನ್ನೈಯ ಪೇಟೆಂಟ್ ಕಚೇರಿಗೆ. ಹಿಂದಿನ ಪೇಟೆಂಟುಗಳ ದಾಖಲೆಗಳನ್ನು ಈಗ ಅಂತರಜಾಲದಲ್ಲಿ ಯಾರಾದರೂ ಹಣ ಕೊಡದೆ ಓದಬಹುದು.